ಗೊಂಡೆ ಹೋಗಿ ಗೆಜ್ಜೆ ಬಂತು

ನಮ್ಮ ಮನೆಯಲ್ಲಿ ಫೋನ್ ಎನ್ನುವುದು ಮಾತನಾಡುವ ಯಂತ್ರವಲ್ಲ, ಸಿಂಗರಿಸಿ ಕೂರಿಸಿದ ಮದುಮಗಳು. ನನ್ನ ಅರ್ಧಾಂಗಿ ದಾಕ್ಷಾಯಿಣಿ ಯೂಟ್ಯೂಬ್ ನೋಡಿ ಫೋನಿನ ಆಭರಣ ಮಾಡುವ ವಿದ್ಯೆ ಕಲಿತ ಮೇಲೆ ನನ್ನ ಫೋನಿಗೆ ಮುತ್ತಿನ ಸರ, ಗುಲಾಬಿ ಗೊಂಡೆ, ತುದಿಗೊಂದು ಚಿಟ್ಟೆ ಬಂದವು. (ಮದುವೆಯಲ್ಲಿ ನನ್ನ ಕೊರಳಿಗೂ ಇಷ್ಟು ಬಿದ್ದಿರಲಿಲ್ಲ.)

“ಗಂಡಸರ ಫೋನಿಗೆ ಗೊಂಡಿ ಯಾಕ?” ಎಂದೆ.

“ನಮ್ಮಪ್ಪಗೂ ನಿಮ್ಮಂಥಾದ್ದ ಕರೀ ಫೋನ್ ಕೊಡಿಸೀರಿ. ಅದಲು ಬದಲು ಆಗಬಾರದು ಅಂತ ಕಟ್ಟೇನಿ. ಛಲೋ ಕಾಣಂಗಿಲ್ಲೇನು?”

“ಭಾಳ ಛಲೋ ಐತಿ,” ಎಂದೆ. ಸಂಸಾರದಲ್ಲಿ ನಾನು ಕಲಿತ ವಿದ್ಯೆ ಅದೊಂದೇ.

ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಗುಲಾಬಿ ಗೊಂಡೆ ಅಲ್ಲಾಡಿಸುತ್ತ ಗದರಿಸಿದರೆ ಯಾರು ಹೆದರುತ್ತಾರೆ? ದಿನಾ ಓಣಿ ದಾಟಿದ ಕೂಡಲೇ ಅದನ್ನು ಬಿಚ್ಚಿ ಕಿಸೆಗೆ ಹಾಕುತ್ತಿದ್ದೆ. ಸಂಜೆ ಮತ್ತೆ ಕಟ್ಟಿಕೊಂಡು ಬಂದು, “ಎಲ್ಲಾರೂ ಹೊಗಳಿದ್ರು” ಎಂದು ವರದಿ ಒಪ್ಪಿಸುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ಈ ಮಹಾರಹಸ್ಯ ಗೊತ್ತಿದ್ದದ್ದು ಗೆಳೆಯ ತ್ರ್ಯಂಬಕನಿಗೆ ಮಾತ್ರ.

ಶ್ರಾವಣ ಸೋಮವಾರ ಮನೆಯಲ್ಲಿ ಅಯ್ಯನವರ ಪಾದಪೂಜೆ. ತಮ್ಮೂರು ಮುಗದದಿಂದ ಮಾವ ಈರಬಸಪ್ಪನವರೂ ಬಂದಿದ್ದರು. ಪೂಜೆ ಮುಗಿಯುವವರೆಗೆ ಎಲ್ಲರ ಫೋನೂ ಪಡಸಾಲೆಯ ತಾಟಿನಲ್ಲಿರಬೇಕೆಂಬುದು ನಮ್ಮ ಮನೆಯ ರಾಜಶಾಸನ. ಬಂದವರೆದುರು ಮಾನ ಹೋದೀತೆಂದು ಗೊಂಡೆಯನ್ನು ಗುಟ್ಟಾಗಿ ಬಿಚ್ಚಿ ಫೋನ್ ಇಟ್ಟೆ. ಪ್ರಸಾದ ಮುಗಿಸಿ, ತಾಟಿನಿಂದ ಕರೀ ಫೋನ್ ಎತ್ತಿಕೊಂಡು ಕೆಲಸಕ್ಕೆ ಓಡಿದೆ.

ಕಾರ್ಖಾನೆ ಬಾಗಿಲಲ್ಲಿ ಫೋನ್ ಬಂತು. “ಸಾಹುಕಾರ್ರ, ನಾ ಮುಜಾಫರ. ಕರಿ ಎತ್ತಿನ ಗೆಜ್ಜಿಸರ ಹರದೈತ್ರಿ. ಬರೂಮುಂದ ಹೊಸಾದು ತರ್ರಿ.”

ಮಾವನವರ ಆಳು ನನಗೇಕೆ ಎತ್ತಿನ ಕಥೆ ಹೇಳುತ್ತಾನೆಂದು ಫೋನನ್ನೇ ತಿರುಗಿಸಿ ನೋಡಿದರೆ ಅದು ಮಾವನವರದು. ಲಗುಬಗೆಯಿಂದ ನನ್ನ ನಂಬರಿಗೆ ಹಚ್ಚಿದೆ.

“ಹೇಳ್ರಿ ಅಳಿಯಂದ್ರ,” ಮಾವನವರ ದನಿ ಬೆಣ್ಣೆಯಂತಿತ್ತು. “ನಿಮ್ಮ ಗೆಳೆಯಾ ತ್ರ್ಯಂಬಕ ಫೋನ್ ಮಾಡಿದ್ದ. ನಾ ಹಲೋ ಅನ್ನೂದರಾಗ, ‘ಗೊಂಡಿ ಬಿಚ್ಚಿ ಕಿಸೇದಾಗ ಹಾಕ್ಕೊಂಡಿ ಇಲ್ಲೋ? ಇವತ್ತ ಹೆಂಡ್ತಿಗೆ ಯಾರು ಹೊಗಳಿದ್ರು ಅಂತ ಹೇಳಾಂವ?’ ಅಂದ. ಸ್ಪೀಕರ್ ಹೆಂಗ ಬಂದ್ ಮಾಡೂದೋ ನನಗ ತಿಳೀಲಿಲ್ಲ ನೋಡ್ರಿ. ದಾಕ್ಷಾಯಿಣಿ ಇಲ್ಲೇ ನಿಂತಾಳ.”

ಸಂಜೆ ಅವಳು ಜಗಳವಾಡಲಿಲ್ಲ, ಅದೇ ಭಯ ಹುಟ್ಟಿಸಿತು. “ಚಂದ ಇಲ್ಲಂದ್ರ ಇಲ್ಲ ಅನಬೇಕಿತ್ತು. ನಾ ಓಣಿ ತುಂಬ ಹೇಳ್ಕೊಂಡು ಬಂದೇನಿ,” ಎಂದಳು. ಕಣ್ಣು ಕೆಂಪಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

“ತಪ್ಪಾತು. ಇನ್ನ ನೀ ಏನ್ ಕಟ್ಟಿದ್ರೂ ಬಿಚ್ಚಂಗಿಲ್ಲ,” ಎಂದು ಆವೇಶದಲ್ಲಿ ಆಣೆ ಮಾಡಿಬಿಟ್ಟೆ.

ಮಾವನವರು ಅದನ್ನೇ ಕಾಯುತ್ತಿದ್ದರೇನೋ. ಮುಂದಿನ ಸಲ ಬಂದಾಗ ಹರಿದ ಸರದಿಂದ ದೊಡ್ಡದೊಂದು ಹಿತ್ತಾಳೆ ಗೆಜ್ಜೆ ತಂದರು. “ಹಗ್ಗಾ ಬಿಚ್ಚಕೊಂಡು ಹೋಗೋ ಎತ್ತಿಗೆ ನಾವು ಇದನ್ನ ಕಟ್ತೇವಿ,” ಎಂದು ಮಗಳ ಕೈಗಿತ್ತರು. ಅವಳು ಅದನ್ನು ಗುಲಾಬಿ ದಾರದಲ್ಲಿ ಪೋಣಿಸಿ ನನ್ನ ಫೋನಿಗೆ ಭದ್ರವಾಗಿ ಕಟ್ಟಿದಳು.

ಮೊನ್ನೆ ಮುಗದಕ್ಕೆ ಹೋಗಿದ್ದೆ. ಕರಿ ಎತ್ತು ಹೊಲಕ್ಕೆ ಹೋಗಿತ್ತು, ಕೊಟ್ಟಿಗೆಯಲ್ಲಿ ಅದರ ಜೋಡಿ ಬಿಳಿ ಎತ್ತು ಒಂದೇ ಮಲಗಿತ್ತು. ನನ್ನ ಕಿಸೆಯ ಸದ್ದು ಕೇಳಿದ್ದೇ ತಡ, ಅದು ಎದ್ದು ನನ್ನನ್ನೊಮ್ಮೆ ನೋಡಿ, ಪಕ್ಕಕ್ಕೆ ಸರಿದು ಗೋದಲಿಯಲ್ಲಿ ನನಗೂ ಜಾಗ ಬಿಟ್ಟಿತು.