ಹೂಲಿ ಮಾಸ್ತರರ ಪೆಡಲು ಕಿರುಗುಟ್ಟಿದ ಪ್ರಸಂಗ

ಎಲೌ ತೈಲದೇವತೆಯೇ, ಬಂಡಿಯ ಅಚ್ಚಿನಿಂದ ಬಾಗಿಲ ಕೀಲಿನವರೆಗೆ ಸಕಲ ಕಿರುಗುಟ್ಟುವಿಕೆಯನ್ನು ಶಮನಗೊಳಿಸುವ ಘರ್ಷಣಸಂಹಾರಿಣಿಯೇ, ನನ್ನ ನಾಲಿಗೆಯ ಮೇಲೂ ಒಂದು ಹನಿ ಬಿಡು! ಕಲಿಯುಗದ ಈ ಪಾದದಲ್ಲಿ, ಗದಗ-ಬೆಟಗೇರಿಯ ಒಂದು ಮನೆಗಟ್ಟೆಯ ಮೇಲೆ, ಭಾವ ಮೈದುನರ ನಡುವೆ ಜರುಗಿದ ಮಹಾಸಮರವನ್ನು ಹೇಳಹೊರಟಿದ್ದೇನೆ. ಕೇಳುವವರು ಆರಾಮಾಗಿ ಕೂತುಕೊಳ್ಳಿ.

ದಶತಂತ್ರೀಕರ್ಷಣಪ್ರಚಂಡರೂ ಮದುವೆಮಂಟಪಸಹಸ್ರಸಂಚಾರಿಗಳೂ ಆದ ಗುರುಶಾಂತಪ್ಪ ಹೂಲಿ ಮಾಸ್ತರರು ನಮ್ಮ ಕಥಾನಾಯಕರು. ಅವರ ಆಯುಧ ಪೆಡಲ್ ಸ್ಟೀಲ್ ಗಿಟಾರು. ನೋಡಲು ಇಸ್ತ್ರಿಯ ಮೇಜು, ಕೆಳಗಿನ ಪೆಡಲು ತುಳಿದರೆ ಹೊಟ್ಟೆಯೊಳಗಿನ ಸರಳುಗಳು ತಂತಿ ಜಗ್ಗಿ ಸ್ವರವನ್ನು ಮೇಲೇರಿಸುವ ವಿಚಿತ್ರ ವಾದ್ಯ. ಹನ್ನೊಂದು ವರ್ಷ ಆರ್ಕೆಸ್ಟ್ರಾದ ಹಾಡುಗಾರರ ಬೆನ್ನ ಹಿಂದೆ ಕೂತವರಿಗೆ ಅಂದು ಸಂಜೆ ಐದಕ್ಕೆ, ಸಂಗೀತಸಭೆಯಲ್ಲಿ, ಒಬ್ಬರೇ ನುಡಿಸುವ ಇಪ್ಪತ್ತು ನಿಮಿಷ ಸಿಕ್ಕಿತ್ತು. ಅದು ಕೆಟ್ಟರೆ ಮತ್ತೆ ಬೆನ್ನ ಹಿಂದೆಯೇ ಗತಿ.

ಮುಂಜಾನೆ ವೀರರು ಕಟ್ಟೆಯ ಮೇಲೆ ವಾದ್ಯದ ಮುಂದೆ ಆಸೀನರಾಗಿ, ಹೆಂಡತಿ ಗಂಗವ್ವ ಈ ಸಂಜೆಗೆಂದೇ ತಂದ ಹೊಸ ಚಪ್ಪಲಿಗಳನ್ನು ಕೂತಲ್ಲೇ ಮೆಟ್ಟಿ, ರೂಢಿಯಾಗಲೆಂದು ಎಡಪೆಡಲನ್ನು ಒತ್ತಿದರು.

ಕಿರ್ರ್!

ಮತ್ತೆ ಒತ್ತಿದರು. ಮತ್ತೆ ಕಿರ್ರ್! ಇದನ್ನು ಮೈಕು ಹಿಡಿದರೆ ಮಾನ ಮೂರು ಕಾಸಿಗೆ!

ಆಗ ಪ್ರವೇಶಿಸಿದನು ನೋಡಿ, ಕುಂಠಿತಯಂತ್ರೋದ್ಧಾರಕ, ಸೂಜಿದಾರಕಲಹನಿವಾರಕ, ಗಂಗವ್ವನ ತಮ್ಮ, ಹೊಲಿಗೆ ಯಂತ್ರ ರಿಪೇರಿಯ ಅಂದಾನೆಪ್ಪ! ಅವನ ಕೈಯಲ್ಲಿ ಉದ್ದಮೂಗಿನ ಎಣ್ಣೆಡಬ್ಬಿ ಗದೆಯಂತೆ ಹೊಳೆಯಿತು.

"ಮಾವಾರ, ಸರಳಿನ ಕೀಲು ಒಣಗ್ಯಾವ. ಸಾವಿರ ಮಷೀನಿನ ಬಾಯಿ ಮುಚ್ಚಿಸಿದ ಎಣ್ಣಿ ಇದು. ಒಂದ ಹನಿ ಸಾಕು!"

"ಎಲೋ ಅಂದಾನೆಪ್ಪಾ!" ಗರ್ಜಿಸಿದರು ಮಾಸ್ತರರು. "ನಿನ್ನ ಎಣ್ಣಿ ನೀರಿನಂಗ ಹರದು ಹೊಕ್ಕೈತಿ. ನಮ್ಮಪ್ಪ ಹಾರ್ಮೋನಿಯಮ್ಮಿಗೆ ಹಾಕಿದ್ದೂ ಕೊಬ್ಬರಿ ಎಣ್ಣಿ, ನಾ ಹಾಕೂದೂ ಕೊಬ್ಬರಿ ಎಣ್ಣಿ!"

"ಕೊಬ್ಬರಿ ಎಣ್ಣಿ ತಲಿಗೆ ಹಚ್ಚೂದ್ರೀ! ಚಳಿಗೆ ಹೆಪ್ಪುಗಟ್ಟಿ, ಧೂಳ ಹಿಡದು, ಪೆಡಲು ಒತ್ತಿದ್ದು ಒತ್ತಿದಂಗ ಉಳಿತೈತಿ!"

ಹೀಗೆ ತೈಲಮದೋನ್ಮತ್ತರಾದ ಆ ಇಬ್ಬರು ಡಬ್ಬಿಗೆ ಡಬ್ಬಿ ತಾಗಿಸಿ ನಿಂತಿರಲು, ಸಭೆಯ ಕಾರ್ಯದರ್ಶಿ ಕುಲಕರ್ಣಿಯವರ ಫೋನು ಮೊಳಗಿತು. ತಯಾರಿ ಹೇಗಿದೆಯೆಂದು ಅವರು ಕೇಳಿದರೆ, ಸಿಟ್ಟಿನ ಭರದಲ್ಲಿದ್ದ ಮಾಸ್ತರರು ಒದರಿಬಿಟ್ಟರು: "ಎಣ್ಣಿ ಹಾಕದೇ ಈ ಕಾರ್ಯಕ್ರಮ ಆಗಂಗಿಲ್ರೀ! ಯಾವ ಎಣ್ಣಿ ಅಂತನ ಜಗಳ ನಡದೈತಿ. ಹಾಕೇ ಬರ್ತೀವಿ!"

ಆ ಕಡೆ ಕುಲಕರ್ಣಿಯವರ ದನಿ ಗಡುಸಾಯಿತು. "ಮಾಸ್ತರ, ಇದು ಮರ್ಯಾದಸ್ತರ ಸಭಾ ಅದ. ಹಾಕ್ಕೊಂಡು ಬಂದ್ರ ವೇದಿಕೆ ಹತ್ತಸಂಗಿಲ್ಲ ನೋಡ್ರಿ!"

ಕುಡಿಯುವ ಎಣ್ಣೆಯಲ್ಲ, ಕೀಲಿನ ಎಣ್ಣೆ ಎಂದು ತಿಳಿಹೇಳುವಷ್ಟರಲ್ಲಿ ವೀರರ ಅರ್ಧ ಪೌರುಷ ಇಳಿದಿತ್ತು. ಕೊನೆಗೆ ಗಂಗವ್ವನೇ ಹೊರಬಂದಳು. "ಇಬ್ರೂ ಒಂದೊಂದು ಹನಿ ಹಾಕಿ ಬಾಯಿ ಮುಚ್ಕೊಳ್ರಿ. ಓಣಿ ಮಂದಿ ನೋಡಾಕತ್ತಾರ."

ಒಂದು ಕೀಲಿಗೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಮಷೀನಿನ ಎಣ್ಣೆ ಬಿತ್ತು. ಪೆಡಲು ಬೆಣ್ಣೆಯಂತೆ ಇಳಿಯಿತು. ಕಿರ್ರ್! ಎರಡನೆಯ ಹನಿ, ಮೂರನೆಯ ಹನಿ, ಕಿರ್ರ್! ಮಾಸ್ತರರಿಗೆ ಅಳುವೇ ಬಂತು. ಹನ್ನೊಂದು ವರ್ಷ ಕಾದದ್ದು ಈ ದರಿದ್ರ ಸದ್ದಿಗೇ ಏನು ಎಂದು ಹಣೆ ಚಚ್ಚಿಕೊಂಡರು.

ಸಂಜೆ, ಹೊಸ ಚಪ್ಪಲಿಗೆ ಧೂಳಾಗಬಾರದೆಂದು ಅವನ್ನು ಚೀಲದಲ್ಲಿಟ್ಟು, ಹಳೆಯವನ್ನೇ ಮೆಟ್ಟಿಕೊಂಡು, ಮಾಸ್ತರರು ಗಂಗವ್ವ, ಅಂದಾನೆಪ್ಪರೊಡನೆ ಸಭೆ ತಲುಪಿದರು. ವೇದಿಕೆಯ ಮೆಟ್ಟಿಲ ಬಳಿ ಹೊಸವನ್ನು ಚೀಲದಿಂದ ಹೊರತೆಗೆಯುತ್ತಿದ್ದಂತೆ ಕುಲಕರ್ಣಿಯವರು ಹತ್ತಿರ ಬಂದು, ಮೊದಲು ಬಾಯಿವಾಸನೆ ನೋಡಿ, ಆಮೇಲೆ ಅಂದರು: "ಚಪ್ಪಲ್ ಕೆಳಗ ಇರಲಿ. ಮ್ಯಾಲೆ ಸರಸ್ವತಿ ಫೋಟೋ ಅದ."

ಬರಿಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಮಾಸ್ತರರು ಪೆಡಲು ಒತ್ತಿದರು. ಸದ್ದಿಲ್ಲ! ಸ್ವರ ಮಾತ್ರ ನಿಧಾನಕ್ಕೆ ಮೇಲೇರಿ ಸಭಾಂಗಣವನ್ನೆಲ್ಲ ತುಂಬಿತು. ಇಪ್ಪತ್ತು ನಿಮಿಷ ಮೂವತ್ತಾಯಿತು, ಕುಲಕರ್ಣಿಯವರೇ "ಇನ್ನೊಂದು ಆಗ್ಲಿ" ಎಂದರು. ಮಾಸ್ತರರ ಕಣ್ಣು ತುಂಬಿತು.

ಕೆಳಗಿಳಿದ ಕೂಡಲೇ ಯುದ್ಧ ಮರುಕಳಿಸಿತು.

"ನೋಡಿದ್ಯೇನಲೇ ಕೊಬ್ಬರಿ ಎಣ್ಣಿ ಪ್ರತಾಪ?"

"ಹೋಗ್ರಿ ಮಾವಾರ, ಅದು ನನ್ನ ಮಷೀನ್ ಎಣ್ಣಿ!"

ದಿಗ್ವಿಜಯಿಯಾದ ಮಾಸ್ತರರು ಮೀಸೆ ತಿರುವುತ್ತ, ಹೊಸ ಚಪ್ಪಲಿಗಳನ್ನು ಮೆಟ್ಟಿ, ಮೆಟ್ಟಿಲ ಕೆಳಗಿನ ಕಲ್ಲುಹಾಸಿನ ಮೇಲೆ ಎಡಗಾಲಿಟ್ಟರು.

ಕಿರ್ರ್!

ಮೂವರೂ ಕಾಲು ನೋಡಿದರು.

"ಅಯ್ಯ ನನ ಶಿವನ," ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, "ಮುಂಜಾನಿಂದ ಒದರಿದ್ದು ಇದಾ?"

ದಶತಂತ್ರೀಕರ್ಷಣಪ್ರಚಂಡರು ಮೆಟ್ಟಿಲ ಮೇಲೆ ಕುಸಿದು ಕೂತು, ಅತ್ತಿತ್ತ ನೋಡಿ, ಮೈದುನನ ಕಡೆಗೆ ಎಡಗಾಲು ಚಾಚಿದರು.

"ಡಬ್ಬಿ ತಂದೀಯೇನು? ಒಂದ ಹನಿ ಹಾಕಪಾ. ನಿಂದ ಎಣ್ಣಿ ಹಾಕು."