ಯುರೋಪ್ ಸುತ್ತಿ ಬಂದ ಏಳರ ಮಗ್ಗಿ

ಮಗಳು ಇಲ್ಲಿನ ಶಾಲೆಗೆ ಸೇರಿದ ಮೇಲೆ ನನಗೆ ನಗುವಿಗೆ ಬರವಿಲ್ಲ. ಶಾಲೆಯವರು ಯಾವ ದೇಶದ ಕಡೆ ತಿರುಗಿ ನೋಡಿದರೂ ಪೆಟ್ಟು ಬೀಳುವುದು ದೂರದ ಈ ಪರದೇಶದ ಹಾರ್ನ್‌ಬಿ ಎಂಬ ಊರಿನ ನಮ್ಮ ಮನೆಗೆ.

1. ಮೆತ್ತೆ

ಮೊದಲ ವರ್ಷ ತರಗತಿಯಲ್ಲಿ ಬೆಂಚೇ ಇರಲಿಲ್ಲ. ಮಕ್ಕಳು ಮೆತ್ತೆಗಳ ಮೇಲೆ ಹೊರಳಾಡುತ್ತಿದ್ದರು.

"ಇದು ಫಿನ್ಲೆಂಡ್ ಮಾದರಿ," ಎಂದರು ಟೀಚರ್.

ನಮ್ಮ ಮನೆಯವರು ಗೋದಾಮಿನಲ್ಲಿ ದಿನವಿಡೀ ನಿಂತು ದುಡಿಯುವವರು. ಮೆತ್ತೆ ಒತ್ತಿ ನೋಡಿ ನನ್ನ ಕಿವಿಯಲ್ಲಿ, "ನನಗೂ ಇಲ್ಲೇ ಅಡ್ಮಿಷನ್ ಮಾಡಿಸು," ಎಂದರು.

2. ಬೆಂಚು

ಹೊಸ ಪ್ರಿನ್ಸಿಪಾಲ್ ಬಂದರು. ಮೆತ್ತೆ ಹೋಗಿ ಬೆಂಚು ಬಂತು. ಇದು ಇಂಗ್ಲೆಂಡ್ ಮಾದರಿಯಂತೆ.

"ಸರ್, ಫಿನ್ಲೆಂಡ್ ಏನಾಯ್ತು?" ಎಂದೆ.

"ಅವರದ್ದು ಅವರ ದೇಶಕ್ಕೆ ಸರಿ, ನಮಗೆ ಹೊಂದಲ್ಲ."

"ಇಂಗ್ಲೆಂಡಿನದ್ದು ಹೊಂದುತ್ತಾ?"

ಪ್ರಿನ್ಸಿಪಾಲರಿಗೆ ಆಗಲೇ ಇನ್ನೊಂದು ಮೀಟಿಂಗ್ ನೆನಪಾಯಿತು.

3. ಮಗ್ಗಿ

ಶಾಲೆ ಇಷ್ಟು ದೇಶ ಸುತ್ತಿದರೂ ಮಗಳಿಗೆ ಏಳೆಂಟ್ಲ ಎಷ್ಟು ಎಂದರೆ ಅಳು. ಗಣಿತದ ಪರೀಕ್ಷೆಯಲ್ಲಿ ತಪ್ಪಿದರೆ ಹಿಂದುಳಿದವರ ಗುಂಪಿಗೆ ಹಾಕುತ್ತೇವೆ ಎಂದು ಚೀಟಿ ಬಂತು. ನಾನು ಓದಿದ್ದು ಹತ್ತನೇ ಕ್ಲಾಸು. ಅದರಲ್ಲಿ ಇನ್ನೂ ಮರೆಯದೆ ಉಳಿದಿರುವುದು ಮಗ್ಗಿ ಒಂದೇ. ತೊಡೆ ತಟ್ಟಿ, ಮೈ ತೂಗಿ ಹೇಳಿಕೊಟ್ಟೆ. ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು," ಎನ್ನತೊಡಗಿದಳು.

ತರಗತಿಯಲ್ಲೂ ಅವಳು ತೊಡೆ ತಟ್ಟುವುದನ್ನು ಕಂಡು ಟೀಚರ್ ನನ್ನನ್ನು ಕರೆಸಿದರು. "ಬಾಯಿಪಾಠದಿಂದ ಮಗು ಯೋಚಿಸೋದೇ ನಿಲ್ಲಿಸುತ್ತೆ. ದಯವಿಟ್ಟು ಇದನ್ನ ಮನೆಯಲ್ಲಿ ಮಾಡಿಸಬೇಡಿ."

"ಆಯ್ತು ಮೇಡಂ," ಎಂದೆ. ಅವತ್ತಿನಿಂದ ಮನೆಯಲ್ಲಿ ಮಾಡಿಸಲಿಲ್ಲ. ಕಾರಿನಲ್ಲಿ ಮಾಡಿಸಿದೆ.

4. ಅತಿಥಿಗಳು

ಪರೀಕ್ಷೆಯ ವಾರವೇ ಯುರೋಪಿನ ಯಾವುದೋ ದೇಶದ ಶಿಕ್ಷಣ ಇಲಾಖೆಯವರು ಶಾಲೆಗೆ ಬಂದರು. ನಮ್ಮ ಶಾಲೆಯವರು ಅವರನ್ನು ನೋಡಿ ಕಲಿಯುತ್ತಿದ್ದರೆ, ಅವರು ನಮ್ಮವರನ್ನು ನೋಡಿ ಕಲಿಯಲು ಬಂದಿದ್ದರು! ಪೋಷಕರಾದ ನಾವೂ ಹಿಂದೆ ನಿಂತು ನೋಡುತ್ತಿದ್ದೆವು. ಅತಿಥಿಯೊಬ್ಬರು ನನ್ನ ಮಗಳನ್ನೇ ಎಬ್ಬಿಸಿ ಏಳೆಂಟ್ಲ ಕೇಳಿದರು. ಅವಳು ಕಣ್ಣು ಮುಚ್ಚಿ, ತೊಡೆ ತಟ್ಟಿ, ತೂಗಾಡಿ, "ಫಿಫ್ಟಿ ಸಿಕ್ಸ್!" ಎಂದಳು.

"ಅದ್ಭುತ! ಎಲ್ಲಿ ಕಲಿತೆ?"

"ಕಾರಿನಲ್ಲಿ."

ಅವರು ಅದನ್ನೂ ಬರೆದುಕೊಂಡರು. ಮಗಳು ಪರೀಕ್ಷೆಯನ್ನೂ ದಾಟಿದಳು.

ಮುಂದಿನ ವರ್ಷ ಶಾಲೆಯಿಂದ ಪತ್ರ: ಯುರೋಪಿನಿಂದ ಹೊಸ ಪದ್ಧತಿ ಬಂದಿದೆ, ಪೋಷಕರಿಗೆ ತರಬೇತಿ ಇದೆ. ಹೋದೆ. ಅದೇ ಟೀಚರ್ ತೊಡೆ ತಟ್ಟಿ ತೂಗಾಡುತ್ತಾ ಏಳರ ಮಗ್ಗಿ ಹೇಳಿಕೊಟ್ಟರು. ನನ್ನನ್ನು ನೋಡಿ, "ಬೇಗ ಹಿಡಿದುಬಿಟ್ಟಿರಿ," ಎಂದು ಮೆಚ್ಚಿದರು.

"ಹಾಗಾದ್ರೆ ಇನ್ಮೇಲೆ ಮನೆಯಲ್ಲೂ ಮಾಡಿಸಬಹುದಾ ಮೇಡಂ?"

ಟೀಚರ್ ಕೈಯಲ್ಲಿದ್ದ ಹೊಸ ಪದ್ಧತಿಯ ಪುಸ್ತಕ ತಿರುವಿ ನೋಡಿದರು.

"ಇಲ್ಲ, ಮನೆಯಲ್ಲಿ ಬೇಡ. ಇದನ್ನ ಕಾರಿನಲ್ಲೇ ಮಾಡಿಸಬೇಕಂತೆ."