ಉಂಡೆರಾಯನ ಬಿಡುಗಡೆ

ಎಲ್ಲಾ ಶುರುವಾದದ್ದು ಒಂದು ಟಿಶ್ಯೂ ಪೇಪರಿನಿಂದ.

ಆ ಬೆಳಗ್ಗೆ ಉಂಡೆರಾಯ ಲ್ಯಾಬಿಗೆ ಬಂದವನೇ, ಜೀವಕೋಶಗಳನ್ನು ಬೆಚ್ಚಗಿಟ್ಟು ಬೆಳೆಸುವ ಇನ್‌ಕ್ಯುಬೇಟರಿನ ಬಾಗಿಲು ತೆರೆದು ತನ್ನ ಪ್ಲಾಸ್ಟಿಕ್ ತಟ್ಟೆಯನ್ನು ಎರಡೂ ಕೈಯಲ್ಲಿ ಹೊರತೆಗೆದ. ತಟ್ಟೆಯ ಮುಚ್ಚಳ ಹೊಸ ಕನ್ನಡಕದ ಗಾಜಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

ಉಂಡೆರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಲ್ಯಾಬಿನವರು ಕಟ್ಟಿದ್ದು. ಅಂಡಾಶಯದ ಕ್ಯಾನ್ಸರ್ ಬಲಿತರೆ ಎಷ್ಟೋ ಹೆಂಗಸರ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಆ ನೀರಿನಲ್ಲಿ ಕ್ಯಾನ್ಸರಿನ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತವೆ. ಆದರೆ ಅವನ್ನೇ ತಂದು ಲ್ಯಾಬಿನಲ್ಲಿ ಬೆಳೆಸಿದರೆ ಮದುವೆ ಮನೆಯ ನೆಂಟರ ಹಾಗೆ ಸಾಲಾಗಿ ಚಪ್ಪಟೆ ಮಲಗಿಬಿಡುತ್ತವೆ. ಚಪ್ಪಟೆ ಮಲಗಿದವು ಔಷಧಕ್ಕೆ ಬೇಗ ಸಾಯುತ್ತವೆ. ಉಂಡೆ ಕಟ್ಟಿದವು ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಹಾಗಾಗಿ ಔಷಧದ ನಿಜವಾದ ಯೋಗ್ಯತೆ ತಿಳಿಯಬೇಕಾದರೆ ಉಂಡೆಯೇ ಬೇಕು, ಅದನ್ನು ಕಟ್ಟುವುದೇ ಇವನ ಕೆಲಸ.

ಅದಕ್ಕೊಂದು ಉಪಾಯವಿದೆ. ಜೀವಕೋಶಗಳಿರುವ ದ್ರವವನ್ನು ಮುಚ್ಚಳದ ಒಳಮೈಗೆ ಹನಿಹನಿಯಾಗಿ ಇಟ್ಟು, ಉಸಿರು ಬಿಗಿಹಿಡಿದು ಮುಚ್ಚಳವನ್ನು ತಿರುವಿ ತಟ್ಟೆಯ ಮೇಲೆ ಮುಚ್ಚುವುದು. ಹನಿಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತವೆ. ಒಳಗಿನ ಜೀವಕೋಶಗಳು ಮಲಗಲು ನೆಲ ಸಿಗದೆ ಒಂದನ್ನೊಂದು ತಬ್ಬಿಕೊಂಡು ಉಂಡೆಯಾಗುತ್ತವೆ. ಹಲವು ಸಲ ಕೈಕೊಟ್ಟ ಮೇಲೆ, ಈ ಸಲ ಹನಿಗಳು ಚೆನ್ನಾಗಿ ತೂಗಿದ್ದವು.

ಉಂಡೆ ನೋಡಲು ಇವತ್ತು ಮೇಷ್ಟ್ರು ಬರುವವರಿದ್ದರು. ಅವನ ಸಂಶೋಧನೆಯ ಮಾರ್ಗದರ್ಶಕರು ಅವರೇ. ಅವರು ಸರಿ ಎಂದರೆ ಅವನಿಗೆ ಬಿಡುಗಡೆ. ಹೆಂಡತಿ ಇರುವ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು, ಸೋಮವಾರ ಸೇರಿಕೊಳ್ಳಬೇಕು. ಅಲ್ಲಿ ಮಗಳು ಮಾತು ಕಲಿತುಬಿಟ್ಟಿದ್ದಳು. ಅಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ ಫೋನಿನ ಕಡೆ ಬೆರಳು ತೋರಿಸುತ್ತಿದ್ದಳು.

"ಯಾರು ಮುಟ್ಟಿದ್ದು ಇದನ್ನ?" ಎಂದು ಉಂಡೆರಾಯ ಕಿರುಚಿದ.

"ನಾನೇ ಕಣೋ," ಎಂದಳು ಒರೆಸಕ್ಕ. ಅವಳು ಲ್ಯಾಬಿಗೆಲ್ಲ ಹಿರಿಯಳು. ಚಪ್ಪಟೆ ಜೀವಕೋಶಗಳನ್ನು ಸಾಕಿ ಸಾಕಿಯೇ ತಲೆ ನೆರೆಸಿಕೊಂಡವಳು. ತೇವ ಕಂಡಲ್ಲಿ ಒರೆಸದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. "ಮುಚ್ಚಳದ ತುಂಬ ಬೆವತಿತ್ತು. ಹಾಗೇ ಬಿಟ್ರೆ ಬೂಷ್ಟು ಹಿಡಿಯಲ್ವಾ? ಸ್ಪಿರಿಟ್ ಹಾಕಿ ಲಕ್ಷಣವಾಗಿ ಒರೆಸಿಟ್ಟೆ. ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ."

"ಅಕ್ಕಾ, ಅದು ಬೆವರಲ್ಲ! ಅದರೊಳಗೇ ನನ್ನ ಉಂಡೆ ಇದ್ದಿದ್ದು!"

"ಅಯ್ಯೋ ಶಿವನೇ! ಉಂಡೆ ತಟ್ಟೇಲಿಡೋದು ಬಿಟ್ಟು ಮುಚ್ಚಳಕ್ಕೆ ಯಾಕೆ ಮೆತ್ತಿದ್ದೆ? ಇಷ್ಟು ಶಿಸ್ತಾಗಿ ಸಾಲಾಗಿ ಬೆವತಿದ್ಯಲ್ಲಾ ಅಂತ ನನಗೂ ಆಶ್ಚರ್ಯ ಆಯ್ತು."

"ಒರೆಸಿದ ಪೇಪರ್ ಎಲ್ಲಿ?"

"ಬ್ಲೀಚಲ್ಲಿ ಅದ್ದಿ ಆಗಲೇ ಕಸಕ್ಕೆ ಹಾಕಿದೆ. ನಾನೇನು ಅರೆಬರೆ ಕೆಲಸ ಮಾಡೋಳಾ?"

ಬೈಯೋಣವೆಂದರೆ ಹಿರಿಯಳು, ಅಳೋಣವೆಂದರೆ ಹೊತ್ತಿಲ್ಲ. ಅಷ್ಟರಲ್ಲಿ ಫೋನು ಬಂತು. "ರೀ, ಮೇಷ್ಟ್ರು ಬಂದ್ರಾ? ಅಪ್ಪ ಫೋನಿಂದ ಯಾವಾಗ ಹೊರಗೆ ಬರ್ತಾರೆ ಅಂತ ಕೇಳ್ತಿದಾಳೆ ಇವಳು," ಎಂದಳು ಹೆಂಡತಿ. "ಬರ್ತೀನಿ, ಬರ್ತೀನಿ," ಎಂದು ಉಂಡೆರಾಯ ಫೋನಿಟ್ಟ. ಧ್ವನಿ ಮಾತ್ರ ಹಳ್ಳಕ್ಕೆ ಬಿದ್ದವನದು.

ಪಕ್ಕದ ಮೇಜಿನ ಗೆಳೆಯ ಕುರ್ಚಿ ಎಳೆದುಕೊಂಡು ಬಂದ. ಕೇಳಿದರೂ ಕೇಳದಿದ್ದರೂ ಸಲಹೆ ಕೊಡುವುದರಿಂದ ಅವನಿಗೆ ಮಂತ್ರಿ ಎಂದೇ ಹೆಸರು.

"ಇಷ್ಟಕ್ಕೆಲ್ಲಾ ತಲೆ ಮೇಲೆ ಕೈ ಹೊತ್ಕೊಂಡ್ರೆ ಹೇಗೆ ಗುರೂ? ಇನ್ನೂ ಜೀವಕೋಶ ಉಳಿದಿದೆ ತಾನೇ?"

"ಒಂದು ಟ್ಯೂಬಿನಷ್ಟಿದೆ. ಆದ್ರೆ ಮತ್ತೆ ಹನಿ ಇಟ್ರೆ ಉಂಡೆ ಆಗೋಕೆ ದಿನಗಟ್ಟಲೆ ಬೇಕು. ಮೇಷ್ಟ್ರು ಮಧ್ಯಾಹ್ನ ಬರ್ತಾರೆ."

"ಉಂಡೆ ಅಂದ್ರೆ ಏನು? ಒತ್ತಿದ್ರೆ ಉಂಡೆ! ಸೆಂಟ್ರಿಫ್ಯೂಜಿಗೆ ಹಾಕಿ ಗಿರಗಿರ ತಿರುಗಿಸು. ತಳಕ್ಕೆ ಹೋಗಿ ಒತ್ಕೊಂಡು ಕೂರ್ತವೆ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಉಂಡೆರಾಯ ಟ್ಯೂಬು ತಂದ. "ನೀನು ಸುಧಾರಿಸ್ಕೋ, ನಾನು ಹಾಕ್ತೀನಿ," ಎಂದು ಮಂತ್ರಿ ಅದನ್ನು ಕಸಿದುಕೊಂಡು ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದ. ಎದುರು ಬದಿಗೆ ಅಷ್ಟೇ ತೂಕದ ಇನ್ನೊಂದು ಟ್ಯೂಬು ಇಡಬೇಕೆಂಬುದು ಲ್ಯಾಬಿಗೆ ಕಾಲಿಟ್ಟ ಮೊದಲ ದಿನವೇ ಕಲಿಸುವ ಪಾಠ. ಆದರೆ ಮಂತ್ರಿಗಳು ಪಾಠ ಹೇಳುವವರೇ ಹೊರತು ಕೇಳುವವರಲ್ಲ.

ಯಂತ್ರ ಮೊದಲು ಗೊಣಗಿತು, ಆಮೇಲೆ ಗಡಗಡ ನಡುಗಿತು, ಕೊನೆಗೆ ಮೈಮೇಲೆ ದೆವ್ವ ಬಂದಂತೆ ಮೇಜಿನ ಉದ್ದಕ್ಕೂ ನಡೆಯತೊಡಗಿತು. ಮಂತ್ರಿ ಅದರ ಸೊಂಟ ಹಿಡಿದ. ಒರೆಸಕ್ಕ ಮೇಲಿನಿಂದ ಒತ್ತಿ ಹಿಡಿದಳು. ಉಂಡೆರಾಯ ಮೇಜಿನ ಕೆಳಗೆ ನುಗ್ಗಿ ಪ್ಲಗ್ಗು ಕಿತ್ತ. ಮುಚ್ಚಳ ತೆಗೆದು ನೋಡಿದರೆ ಟ್ಯೂಬು ಒಡೆದು, ಇದ್ದಬದ್ದ ಜೀವಕೋಶವೆಲ್ಲ ಯಂತ್ರದ ಗೋಡೆಗೆ ಸುಣ್ಣ ಬಳಿದ ಹಾಗೆ ಅಂಟಿತ್ತು. ಒರೆಸಲು ಒರೆಸಕ್ಕನಿಗೆ ಯಾರೂ ಹೇಳಬೇಕಾಗಲಿಲ್ಲ.

"ನಿನ್ನ ಟ್ಯೂಬೇ ಸರಿ ಇರ್ಲಿಲ್ಲ ಬಿಡು," ಎಂದ ಮಂತ್ರಿ.

ಉಂಡೆರಾಯ ಇನ್‌ಕ್ಯುಬೇಟರಿನೊಳಗೆ ತಲೆ ತೂರಿಸಿ ತಡಕಾಡಿದ. ಏನಾದರೂ, ಒಂದು ಚೂರಾದರೂ ಸಿಕ್ಕೀತೇ ಎಂದು. ತೀರಾ ಹಿಂದೆ, ಮೂಲೆಯಲ್ಲಿ, ಜೀವಕೋಶ ಬೆಳೆಸುವ ಒಂದು ಹಳೆಯ ಫ್ಲಾಸ್ಕು ಸಿಕ್ಕಿತು. ಹನಿಗಳಲ್ಲಿದ್ದ ಜೀವಕೋಶಗಳು ಯಾವ ರೋಗಿಯವೋ ಇವೂ ಅವಳವೇ. ಮೇಲೆ ಅವನದೇ ಅಕ್ಷರದಲ್ಲಿ "ಬಿಸಾಡಬೇಕು" ಎಂದು ಬರೆದಿತ್ತು. ಯಾವಾಗಲೋ ಇಟ್ಟು ಮರೆತಿದ್ದ. ಆ ಲ್ಯಾಬಿನಲ್ಲಿ ಪರರ ವಸ್ತುವಿಗೆ ಕೈಹಾಕಿ ಉಪಕಾರ ಮಾಡುವವರು ಬೇಕಾದಷ್ಟು ಜನ. ಆದರೆ ಬಿಸಾಡುವ ಕೆಲಸ ಎಂದಾಗ ಪ್ರತಿಯೊಬ್ಬರೂ ಅದು ಇನ್ನೊಬ್ಬರದು ಎಂದುಕೊಳ್ಳುತ್ತಿದ್ದರು. ಹಾಗಾಗಿ ಇಡೀ ಲ್ಯಾಬಿನಲ್ಲಿ ಯಾರ ಕೈಯೂ ಸೋಕದೆ ಉಳಿದಿದ್ದ ವಸ್ತು ಅದೊಂದೇ. ಜೀವಕೋಶಗಳ ಊಟವಾದ ಒಳಗಿನ ಕೆಂಪು ದ್ರವ ಹಳದಿಗೆ ತಿರುಗಿ ಕಾಮಾಲೆ ಬಂದಂತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮೇಷ್ಟ್ರು ಹೊತ್ತಿಗೆ ಮುಂಚೆಯೇ ಬಂದಿದ್ದರು.

"ಏನಯ್ಯಾ, ಉಂಡೆ ಎಲ್ಲಿ?"

ಉಂಡೆರಾಯ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದ. "ಸರ್, ಅದು ಏನಾಯ್ತು ಅಂದ್ರೆ..."

"ಅದ್ಭುತವಾಗಿ ಬಂದಿದೆ ಸರ್!" ಎಂದು ಮಂತ್ರಿ ನಡುವೆ ಬಾಯಿ ಹಾಕಿ, ಫ್ಲಾಸ್ಕನ್ನು ಇವನ ಕೈಯಿಂದ ಕಿತ್ತು ಮೈಕ್ರೋಸ್ಕೋಪಿನ ಕೆಳಗಿಟ್ಟ. ಗೆಳೆಯನ ಮಾನ ಉಳಿಸಿದೆನೆಂದು ಕಣ್ಣು ಬೇರೆ ಹೊಡೆದ.

ಮೇಷ್ಟ್ರು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಉಂಡೆರಾಯ ಅವರ ಬೋಳುತಲೆಯನ್ನೇ ನೋಡುತ್ತ, ಬೈಗುಳ ಯಾವ ಅಕ್ಷರದಿಂದ ಶುರುವಾಗಬಹುದೆಂದು ಎಣಿಸುತ್ತಿದ್ದ.

"ನೀಲಿ ಬಣ್ಣ ಹಾಕಿ ನೋಡೋಣ," ಎಂದರು ಮೇಷ್ಟ್ರು. ಸತ್ತ ಜೀವಕೋಶ ಆ ಬಣ್ಣ ಕುಡಿದು ನೀಲಿಯಾಗುತ್ತದೆ, ಬದುಕಿದ್ದರೆ ಕುಡಿಯುವುದಿಲ್ಲ. ಫ್ಲಾಸ್ಕಿನಿಂದ ಒಂದು ತೊಟ್ಟು ತೆಗೆದು ಬಣ್ಣ ಬೆರೆಸಿದರು, ಮತ್ತೆ ಬಗ್ಗಿದರು. ಕೊನೆಗೆ ತಲೆಯೆತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು.

"ನೋಡಯ್ಯಾ! ಜೀವಂತ ಉಂಡೆ! ಹೊಟ್ಟೆ ನೀರಲ್ಲಿ ಹೇಗಿರುತ್ತೋ ಥೇಟು ಹಾಗೇ!"

ಉಂಡೆರಾಯ ಇಣುಕಿದ. ನಿಜ. ಜಾಗ ಸಾಲದೆ, ಊಟವಿಲ್ಲದೆ, ನೆಲ ಬಿಟ್ಟೆದ್ದ ಜೀವಕೋಶಗಳು ತಾವಾಗಿಯೇ ಒಂದನ್ನೊಂದು ಹಿಡಿದುಕೊಂಡು ದುಂಡುದುಂಡಾಗಿ ತೇಲುತ್ತಿದ್ದವು. ಅವನು ತಲೆಯೆತ್ತಿ ಮೇಷ್ಟ್ರ ಕಡೆ ತಿರುಗಿದ. "ಹಾಗಾದ್ರೆ ಸರ್, ನಾನು ಸೋಮವಾರ..."

"ಸೋಮವಾರ?" ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. "ನಿಜ ಹೇಳ್ತೀನಿ ಕೇಳು. ಇವತ್ತು ನಿನ್ನ ಕಳಿಸಿಕೊಡೋಣ ಅಂತಲೇ ಬಂದಿದ್ದೆ. ಈ ಹುಡುಗನ ಕೈಲಿ ಉಂಡೆ ಆಗೋಲ್ಲ, ಚಪ್ಪಟೇದರ ಮೇಲೆ ಮಾಡಿದ್ದೇ ಸಾಕು, ಬರೆದು ಮುಗಿಸಿ ಹೆಂಡ್ತಿ ಮಕ್ಕಳ ಜೊತೆ ಇರ್ಲಿ ಅಂತ. ಉಂಡೆ ಆಗಿಲ್ಲ ಸರ್ ಅಂತ ಒಂದು ಮಾತು ಅಂದಿದ್ರೆ ಹೋಗಿಬಾಪ್ಪ ಅಂತಿದ್ದೆ. ಇದನ್ನ ನೋಡಿದ ಮೇಲೆ ಹೇಗಯ್ಯಾ ಬಿಡ್ಲಿ?"

"ಸರ್! ಇದು ನಾನು ಮಾಡಿದ್ದಲ್ಲ ಸರ್! ಬಿಸಾಡೋಕೆ ಇಟ್ಟಿದ್ದು. ಮರೆತುಬಿಟ್ಟಿದ್ದೆ ಅಷ್ಟೇ!"

"ಒಳ್ಳೇದಾಯ್ತು. ಹೇಗೆ ಮರೆತೆ, ಎಷ್ಟು ದಿನ ಮರೆತೆ, ಎಲ್ಲಾ ಸರಿಯಾಗಿ ಬರೆದಿಡು. ಒಂದು ಸಲ ಆದ್ರೆ ಯಾರೂ ನಂಬಲ್ಲ. ಅದೇ ಕ್ರಮದಲ್ಲಿ ಇನ್ನೂ ಮೂರು ಸಲ ಮರೆತು ತೋರಿಸ್ಬೇಕು. ಕಾಲೇಜಿಗೆ ನಾನೇ ಮಾತಾಡ್ತೀನಿ, ಮುಂದಿನ ವರ್ಷ ಸೇರ್ಕೋ."

ಮೇಷ್ಟ್ರು ಹೊರಟುಹೋದರು. ಉಂಡೆರಾಯ ಗೋಡೆಗೆ ಒರಗಿ ನಿಂತ. ಒರೆಸಕ್ಕ ಬಂದು ಅವನ ಬೆನ್ನು ತಟ್ಟಿದಳು. ಅವಳ ಕಣ್ಣಲ್ಲಿ ನಿಜವಾದ ಅಕ್ಕರೆಯಿತ್ತು.

"ಹೆದರ್ಬೇಡ ಕಣೋ. ನೀನು ಆರಾಮಾಗಿ ಮರೀತಾ ಇರು. ಮರೆತಿದೀಯೋ ಇಲ್ವೋ ಅಂತ ದಿನಾ ಬೆಳಗ್ಗೆ ಬಂದು ನಾನು ಕೇಳ್ತೀನಿ."